ವಸಂತ ಮೊದಲು ತೋರುವುದು ಎಲೆಯಲ್ಲಿ

ಜನವರಿ ಕಳೆಯುತ್ತಿದ್ದಂತೆ ಬೆಂಗಳೂರಿನ ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ಒಂದೇ ಚಿತ್ರ: ಎಲೆಯಿಲ್ಲದ ಕೊಂಬೆಗಳ ತುಂಬ ಗುಲಾಬಿ ಟಬೆಬುಯಾ, ನೆಲದ ಮೇಲೆ ಹೂವಿನ ಹಾಸು, ಜೊತೆಗೆ ‘ನಗರಕ್ಕೆ ವಸಂತ ಬಂತು’ ಎಂಬ ಸಾಲು. ಈ ಮಾತನ್ನು ನಾನು ಒಪ್ಪಲಾರೆ. ಟಬೆಬುಯಾ ಚೆಲುವಾದ ಮರ. ಅದರ ಮೇಲೆ ತಕರಾರಿಲ್ಲ. ಅದೊಂದನ್ನೇ ಋತುವಿನ ಗುರುತೆಂದು ನಂಬಿ, ಬೀದಿಯ ಉಳಿದ ಗುರುತುಗಳನ್ನು ಕಸವೆಂದು ಗುಡಿಸಿ ಹಾಕುವ ರೂಢಿ ಸರಿಯಲ್ಲ.

ಹೂವಿನ ಸಾಕ್ಷ್ಯ ಅಷ್ಟು ಗಟ್ಟಿಯಾದದ್ದೇನಲ್ಲ. ಟಬೆಬುಯಾಗಳು ಅಮೆರಿಕ ಖಂಡದ ಉಷ್ಣವಲಯದಿಂದ ಬಂದವು. ನೇರಳೆ ಬಣ್ಣದ್ದು ನವೆಂಬರ್–ಡಿಸೆಂಬರಿನ ಚಳಿಯಲ್ಲೇ ಅರಳುತ್ತದೆ, ಹಳದಿಯದು ಫೆಬ್ರವರಿ–ಮಾರ್ಚಿನಲ್ಲಿ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಕೃಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂತಿರುವಂತೆ ಈ ಊರಿನ ಸಾಲುಮರಗಳನ್ನು ಯೋಜಿಸಿದರು. ಎಲ್ಲ ಕಾಲಕ್ಕೂ ಹೂವಿರಲೆಂದೇ ಮರ ನೆಟ್ಟ ಊರಲ್ಲಿ ಬರೀ ಹೂ ನೋಡಿ ಕಾಲ ಹೇಳಲಾಗದು.

ಹೊಂಗೆಯನ್ನು ನೋಡಿ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಮನೆಮುಂದೆ ನಿಂತಿರುವುದು ಅದೇ. ಚಳಿ ಇಳಿಯುವ ಹೊತ್ತಿಗೆ ಅದರ ಹಳೆಯ ಎಲೆಗಳು ಬಣ್ಣಗೆಟ್ಟಿರುತ್ತವೆ. ಹುಳು ಕೊರೆದ ಬಿಳಿ ಮಚ್ಚೆಗಳು, ಅಂಚಿನಲ್ಲಿ ಗಂಟುಗಳು. ಕೆಲವೇ ದಿನಗಳಲ್ಲಿ ಅವೆಲ್ಲ ಉದುರಿ, ಎಣ್ಣೆ ಸವರಿದಂತೆ ಹೊಳೆಯುವ ಮೆತ್ತನೆಯ ಚಿಗುರು ಜೋತಾಡತೊಡಗುತ್ತದೆ. ಸುಡುಬಿಸಿಲು ಬರುವ ಮೊದಲೇ ನೆರಳು ಸಿದ್ಧ. ಅರಳಿಯ ತಾಮ್ರವರ್ಣದ ಎಳೆ ಎಲೆಗಳೂ ಹೀಗೆಯೇ. ಕೆಂಪು ಬೂರುಗದ ಮಕರಂದಕ್ಕೆ ಮೈನಾ, ಕಾಗೆಗಳು ಮುತ್ತುತ್ತವೆ. ಮಾವು ಹೂ ಬಿಡುತ್ತದೆ, ಕೋಗಿಲೆ ದನಿ ಎತ್ತುತ್ತದೆ. ಇವನ್ನೆಲ್ಲ ಒಟ್ಟಿಗೆ ಗಮನಿಸಿದರೆ ಮಾತ್ರ ಋತು ತಿರುಗುತ್ತಿರುವುದು ತಿಳಿಯುತ್ತದೆ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಯುಗಾದಿಗೆ ಬಾಗಿಲಿಗೆ ಕಟ್ಟುವುದು ಮಾವಿನ ಎಲೆಯನ್ನೇ.

‘ಹೂವಿನ ನೆಪದಲ್ಲಾದರೂ ಜನ ಮರದತ್ತ ಕತ್ತೆತ್ತುತ್ತಾರಲ್ಲ’ ಎನ್ನುವವರಿದ್ದಾರೆ. ಅದು ನಿಜ, ಸಂತೋಷದ ಸಂಗತಿಯೂ ಹೌದು. ಆದರೆ ಆ ನೋಟ ಹೂವಿಗೇ ನಿಂತರೆ, ಹೂ ಉದುರಿದ ಮರ ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಫೋಟೊಗೆಂದು ಕಬ್ಬನ್ ಪಾರ್ಕಿಗೆ ಹೋಗಿ ಬಂದವರೇ ಮನೆಮುಂದಿನ ಹೊಂಗೆ ‘ಬರೀ ಕಸ ಹಾಕುತ್ತದೆ’ ಎಂದು ಕೊಂಬೆ ಕಡಿಸುವುದುಂಟು, ತರಗೆಲೆಗೆ ಬೆಂಕಿ ಇಡುವುದುಂಟು. ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿವೆ. ಆದರೂ ಫೆಬ್ರವರಿಯ ಬೆಳಗಿನಲ್ಲಿ ಎಷ್ಟೋ ಬೀದಿಗಳಲ್ಲಿ ಆ ಹೊಗೆ ಏಳುತ್ತದೆ. ಮಣ್ಣಿಗೆ ಗೊಬ್ಬರವಾಗಬೇಕಾದದ್ದು ಮಕ್ಕಳ ಶ್ವಾಸಕೋಶ ಸೇರುತ್ತದೆ. ವಸಂತವನ್ನು ಹೂವಿಗೆ ಇಳಿಸಿದ್ದಕ್ಕೆ ನಾವು ತೆರುತ್ತಿರುವ ಬೆಲೆ ಇದು.

ಎಲೆ ಉದುರುವುದು ಮರದ ತಪ್ಪಲ್ಲ, ಋತುವಿನ ಮೊದಲ ಕೆಲಸ. ಉದುರಿದ್ದನ್ನು ಮರದ ಬುಡಕ್ಕೇ ಒಟ್ಟಿ. ಬುಡಕ್ಕೆ ಸಿಮೆಂಟು ಬಳಿದಿದ್ದರೆ ಮೊದಲು ಅದನ್ನು ಒಡೆಸಿ. ಮನೆಮುಂದಿನ ಮರ ಚಿಗುರಿದ ದಿನವನ್ನು ಪ್ರತಿವರ್ಷ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹವಾಮಾನ ಕೆಡುತ್ತಿರುವ ಈ ಕಾಲದಲ್ಲಿ ನಮ್ಮ ಬೀದಿಯ ಋತು ಹಿಂದುಮುಂದಾಗುತ್ತಿದೆಯೇ ಎಂಬುದಕ್ಕೆ ಅಂಥ ಗುರುತುಗಳೇ ಆಧಾರ.