ಕೆಂಡದ ಮಾಂಸ, ಬಟ್ಟಲಿನ ಖಾರ

ಲಾವೋ ಭಾಷೆಯಲ್ಲಿ ‘ಪಿಂಗ್’ ಎಂದರೆ ಕೆಂಡದ ಮೇಲೆ ಸುಡುವುದು. ಕೋಳಿಯನ್ನು ಸುಟ್ಟರೆ ಪಿಂಗ್ ಕೈ, ಮೀನನ್ನು ಸುಟ್ಟರೆ ಪಿಂಗ್ ಪಾ, ದನದ ಅಥವಾ ಎಮ್ಮೆಯ ಮಾಂಸವಾದರೆ ಪಿಂಗ್ ಸಿನ್. ಈ ಅಡುಗೆ ಲಾವೋಸಿನ ಗಡಿ ದಾಟಿ ಬೇರೆ ದೇಶಗಳ ಅಡುಗೆಮನೆಗೆ ಬಂದಾಗ ‘ಖಾರ ಹಚ್ಚಿ ನೆನೆಸಿ ಸುಟ್ಟ ಮಾಂಸ’ ಎಂಬ ಹೆಸರು ಪಡೆಯುತ್ತದೆ. ಹೆಸರಿಗೆ ತಕ್ಕಂತೆ ಮಾಡುವ ರೀತಿಯೂ ಬದಲಾಗುತ್ತದೆ: ಮೆಣಸಿನಕಾಯಿ, ಸಕ್ಕರೆ, ಸಾಸು, ನಿಂಬೆರಸ ಎಲ್ಲವನ್ನೂ ಒಟ್ಟಿಗೆ ಕಲಸಿ ಮಾಂಸಕ್ಕೆ ಮೆತ್ತಿ ರಾತ್ರಿಯಿಡೀ ಇಡುವುದು, ಮರುದಿನ ಜೋರು ಉರಿಯಲ್ಲಿ ಸುಡುವುದು. ರುಚಿಯಾಗಿಯೇ ಇರಬಹುದು. ಆದರೆ ಲಾವೋ ಅಡುಗೆಯ ಜಾಣ್ಮೆ ಇರುವುದು ಕೆಲಸಗಳನ್ನು ಹಂಚುವುದರಲ್ಲಿ. ಅಲ್ಲಿ ಉಪ್ಪು ಮತ್ತು ಪರಿಮಳ ಮಾಂಸದ ಪಾಲು, ಹೊಗೆ ಕೆಂಡದ ಪಾಲು, ಖಾರ ಮತ್ತು ಹುಳಿ ಪಕ್ಕದ ಬಟ್ಟಲಿನ ಪಾಲು. ಎಲ್ಲವನ್ನೂ ಮಾಂಸದ ಮೇಲೆ ಹೇರಿದರೆ ಈ ಜಾಣ್ಮೆಯೇ ಕಳೆದುಹೋಗುತ್ತದೆ.

ಮೊದಲು ಮಾಂಸಕ್ಕೆ ಹಚ್ಚುವ ಮಸಾಲೆಯನ್ನೇ ನೋಡೋಣ. ಪಿಂಗ್ ಕೈಗೆ ಸಾಮಾನ್ಯವಾಗಿ ಬೆಳ್ಳುಳ್ಳಿ, ಕೊತ್ತಂಬರಿ ಬೇರು, ನಿಂಬೆಹುಲ್ಲು, ಕಾಳುಮೆಣಸನ್ನು ಒರಳಿನಲ್ಲಿ ಕುಟ್ಟಿ, ಮೀನಿನ ಉಪ್ಪುರಸದೊಂದಿಗೆ ಕಲಸಿ ಸವರುತ್ತಾರೆ. ಇದರಲ್ಲಿ ಒಳಗೆ ಇಳಿಯುವುದು ಮುಖ್ಯವಾಗಿ ಉಪ್ಪು. ಬೆಳ್ಳುಳ್ಳಿ, ನಿಂಬೆಹುಲ್ಲುಗಳ ಘಮ ಎಷ್ಟು ಹೊತ್ತು ನೆನೆಸಿದರೂ ಮೇಲ್ಪದರದ ಕೆಲವೇ ಮಿಲಿಮೀಟರುಗಳಲ್ಲಿ ನಿಲ್ಲುತ್ತದೆ. ಮೆಣಸಿನಕಾಯಿ, ಸಕ್ಕರೆಗಳಿಗೂ ಇದೇ ಗತಿ. ಮೇಲೆ ಉಳಿದದ್ದು ಕೆಂಡದ ಕಾವಿಗೆ ಮೊದಲು ಸಿಗುತ್ತದೆ. ಮೂಳೆ ಸಹಿತದ ಕೋಳಿ ಒಳಗೆ ಬೇಯುವ ಹೊತ್ತಿಗೆ ಹೆಚ್ಚಿನ ಸಕ್ಕರೆ ಕರಕಾಗಿ, ಮೆಣಸಿನಕಾಯಿ ಕಹಿಯಾಗಿರುತ್ತದೆ. ಲಾವೋ ಅಡುಗೆಯವರು ಕೋಳಿಯನ್ನು ಸೀಳಿ ಹರಡಿ, ಒಡೆದ ಬಿದಿರ ಸೀಳಿನ ನಡುವೆ ಸಿಕ್ಕಿಸಿ, ತುದಿ ಕಟ್ಟಿ, ಹದವಾದ ಕೆಂಡದ ಮೇಲೆ ತಿರುಗಿಸುತ್ತ ನಿಧಾನವಾಗಿ ಸುಡುತ್ತಾರೆ. ಕೊಬ್ಬು ತೊಟ್ಟಿಕ್ಕಿ ಏಳುವ ಹೊಗೆ ಮಾಂಸಕ್ಕೆ ತಾಗಲು ಇಷ್ಟು ಹೊತ್ತು ಬೇಕು, ಇಷ್ಟು ಹೊತ್ತು ತಾಳಲು ಹಗುರ ಮಸಾಲೆಯೇ ಬೇಕು.

ಹಾಗಾದರೆ ಖಾರ ಎಲ್ಲಿದೆ? ‘ಜೆಓ’ ಎಂಬ ಗೊಜ್ಜಿನಲ್ಲಿದೆ. ಟೊಮ್ಯಾಟೊ ಜೆಓಗೆ ಟೊಮ್ಯಾಟೊ, ಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿಯನ್ನು ಸಿಪ್ಪೆ ಕಪ್ಪಾಗುವವರೆಗೆ ಕೆಂಡದಲ್ಲಿ ಸುಟ್ಟು ಒರಳಿನಲ್ಲಿ ಕುಟ್ಟುತ್ತಾರೆ. ಹುಳಿ ಜೆಓಗೆ ನಿಂಬೆರಸ, ಮೀನಿನ ಉಪ್ಪುರಸ, ಮೆಣಸಿನಕಾಯಿಯ ಜೊತೆ ಹುರಿದು ಪುಡಿ ಮಾಡಿದ ಅಂಟಕ್ಕಿ ಬೀಳುವುದುಂಟು. ಲುವಾಂಗ್ ಪ್ರಬಾಂಗ್ ಅರಮನೆಯ ಅಡುಗೆಯವರಾಗಿದ್ದ ಫಿಯಾ ಸಿಂಗ್ 1967ರಲ್ಲಿ ತೀರಿಕೊಂಡರು. ಅವರ ಕೈಬರಹದ ಪುಸ್ತಕಗಳು ಬ್ರಿಟಿಷ್ ರಾಯಭಾರಿಯಾಗಿದ್ದ ಅಲನ್ ಡೇವಿಡ್‌ಸನ್ ಅವರ ಆಸಕ್ತಿಯಿಂದ 1981ರಲ್ಲಿ ಪ್ರಕಟವಾದವು. ಈರುಳ್ಳಿ, ಬೆಳ್ಳುಳ್ಳಿಗಳನ್ನು ಕೆಂಡದಲ್ಲಿ ಅರೆಬೇಯಿಸಿ ಕುಟ್ಟುವ ಕ್ರಮ ಅಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಅಂದರೆ ಮಾಂಸವನ್ನು ಸುಡುವ ಬೆಂಕಿಯೇ ಗೊಜ್ಜನ್ನೂ ರೂಪಿಸುತ್ತದೆ. ಮೆಣಸಿನಕಾಯಿ ಸುಡಲೇಬೇಕು, ಆದರೆ ತನ್ನದೇ ಅಳತೆಯಲ್ಲಿ, ತನ್ನದೇ ಹೊತ್ತಿಗೆ. ಇನ್ನು ಅಂಟಕ್ಕಿಯ ಅನ್ನಕ್ಕೆ ಉಪ್ಪೂ ಇಲ್ಲ, ಸಾರೂ ಇಲ್ಲ. ಗಂಟೆಗಟ್ಟಲೆ ನೆನೆಸಿ ಬಿದಿರ ಬುಟ್ಟಿಯಲ್ಲಿ ಹಬೆಗೆ ಬೇಯಿಸಿದ ಅದನ್ನು ಕೈಯಲ್ಲಿ ಉಂಡೆ ಮಾಡಿ, ಜೆಓಗೆ ಅದ್ದಿ, ಮಾಂಸದ ಜೊತೆ ತಿನ್ನುತ್ತಾರೆ. ಮುದ್ದೆ ಉಣ್ಣುವ ಕನ್ನಡಿಗರಿಗೆ ಈ ತರ್ಕ ಬೇಗ ಅರ್ಥವಾದೀತು: ಸಾರನ್ನು ಬಿಟ್ಟು ಮುದ್ದೆಗೆ ಬೆಲೆ ಕಟ್ಟಲಾಗದು. ಹಾಗೆಯೇ ಜೆಓ ಮತ್ತು ಅನ್ನವನ್ನು ಬಿಟ್ಟು ಪಿಂಗ್‌ಗೆ ಬೆಲೆ ಕಟ್ಟಲಾಗದು.

ಇದು ಮಡಿವಂತಿಕೆ ಎಂಬ ಆಕ್ಷೇಪ ಬರಬಹುದು. ಮೆಣಸಿನಕಾಯಿಯೇ ಅಮೆರಿಕ ಖಂಡದಿಂದ ಬಂದ ಬೆಳೆ, ಇಂದಿನ ಮಸಾಲೆಗೆ ಬೀಳುವ ಆಯ್ಸ್ಟರ್ ಸಾಸು ಚೀನೀ ಅಡುಗೆಯ ಕೊಡುಗೆ, ಲಾವೋ ಅಡುಗೆಯವರಲ್ಲೇ ಸಕ್ಕರೆ, ಮೆಣಸಿನಕಾಯಿ ಸೇರಿಸುವವರಿದ್ದಾರೆ. ಇವೆಲ್ಲ ನಿಜ. ಆದರೆ ನನ್ನ ಅಳತೆಗೋಲು ಹಳತು–ಹೊಸತು ಎಂಬುದಲ್ಲ, ಹಂಚಿಕೆ ಉಳಿದಿದೆಯೇ ಎಂಬುದು. ಹೊಸ ಸಾಸು ಉಪ್ಪಿನ ಕೆಲಸವನ್ನೇ ಮಾಡಿದರೆ ಕ್ರಮ ಕೆಡುವುದಿಲ್ಲ. ಮಸಾಲೆಯಲ್ಲಿ ಚಿಟಿಕೆ ಖಾರವಿದ್ದರೂ ಕೆಡುವುದಿಲ್ಲ. ಬಟ್ಟಲನ್ನೇ ಅನಗತ್ಯವೆಂದು ತೆಗೆದರೆ ಮಾತ್ರ ಕೆಡುತ್ತದೆ. ಬಟ್ಟಲಿದ್ದಾಗ ಮಗುವೂ ಮುದುಕರೂ ಒಂದೇ ಕೋಳಿಯನ್ನು ತಿನ್ನಬಹುದು, ಖಾರದ ಅಳತೆ ತಿನ್ನುವವರ ಕೈಯಲ್ಲಿರುತ್ತದೆ. ಅದು ಹೋದರೆ ಆ ನಿರ್ಧಾರ ಅಡುಗೆಯವರದೊಬ್ಬರದೇ ಆಗುತ್ತದೆ.

ಇದು ಥಾಯ್ ಅಡುಗೆಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಥಾಯ್ಲೆಂಡಿನ ಈಶಾನ್ಯದ ಇಸಾನ್ ಪ್ರದೇಶದಲ್ಲಿ ಇದೇ ಕೋಳಿಗೆ ‘ಕೈ ಯಾಂಗ್’ ಎಂಬ ಹೆಸರಿದೆ. 1827–28ರಲ್ಲಿ ವಿಯೆಂಟಿಯಾನ್‌ನ ದೊರೆ ಅನುವಾಂಗನ ಬಂಡಾಯವನ್ನು ಸದೆಬಡಿದ ಸಯಾಮ್ (ಇಂದಿನ ಥಾಯ್ಲೆಂಡ್), ಅಪಾರ ಲಾವೋ ಜನರನ್ನು ಮೆಕಾಂಗ್ ನದಿಯ ಪಶ್ಚಿಮಕ್ಕೆ ಸಾಗಿಸಿತು. 1893ರಲ್ಲಿ ಫ್ರೆಂಚರು ಪೂರ್ವ ದಡವನ್ನು ಪಡೆದಾಗ ನದಿಯೇ ಗಡಿಯಾಯಿತು. ಇಂದು ಲಾವೋ ಮೂಲದವರು ಲಾವೋಸಿಗಿಂತ ಇಸಾನಿನಲ್ಲಿಯೇ ಹೆಚ್ಚು. ಹಾಗಾಗಿ ಎರಡೂ ದಡಗಳದು ಒಂದೇ ಊಟ. ಆದರೆ ‘ಥಾಯ್’ ಹೆಸರಲ್ಲಿ ಲೋಕ ಸುತ್ತಿದಾಗ ಜೆಓ ಇದ್ದ ಜಾಗಕ್ಕೆ ಸೀಸೆಯ ಸಿಹಿ ಮೆಣಸಿನ ಸಾಸು ಬಂದು ಕೂತದ್ದು ಹೆಚ್ಚು. ಅದರಲ್ಲಿ ಸುಟ್ಟ ಘಮವಿಲ್ಲ, ಹುಳಿ ಕಡಿಮೆ. ಕೊರತೆ ತುಂಬಲು ಮಾಂಸಕ್ಕೆ ಇನ್ನಷ್ಟು ಮಸಾಲೆ ಮೆತ್ತುವಂತಾಯಿತು.

ಜೆಓಗೆ ಬೀಳುವ, ಹುದುಗಿಸಿದ ಮೀನಿನ ‘ಪಾದೇಕ್’ ವಾಸನೆ ಹೊರಗಿನವರಿಗೆ ಒಗ್ಗದು ಎನ್ನುವವರಿಗೂ ಉತ್ತರವಿದೆ. ಪಾದೇಕ್ ಇಲ್ಲದ ಜೆಓಗಳೂ ಲಾವೋ ಮನೆಗಳಲ್ಲಿವೆ. ಬಿಡಬಾರದ್ದು ಕೆಂಡದಲ್ಲಿ ಸುಟ್ಟ ಮೆಣಸಿನಕಾಯಿ ಮತ್ತು ಒರಳು. ಈ ಅಡುಗೆ ಮಾಡಹೊರಟವರು ಮಾಂಸದ ಮಸಾಲೆಯನ್ನು ಅರ್ಧಕ್ಕೆ ಇಳಿಸಲಿ, ಉಳಿದ ಶ್ರಮವನ್ನು ಗೊಜ್ಜಿನ ಬಟ್ಟಲಿಗೆ ಕೊಡಲಿ. ಲಾವೋ ಸುಟ್ಟ ಮಾಂಸದ ಅರ್ಧ ಅಡುಗೆ ನಡೆಯುವುದು ಆ ಬಟ್ಟಲಿನಲ್ಲಿ.