ಮನೆಯೊಳಗಣ ಯಂತ್ರಸಾಕ್ಷಿ: 'ಯಾವರುಂ ನಲಂ' ಚಿತ್ರವನ್ನು ಕುರಿತು

ದೂರದರ್ಶನವು ದಕ್ಷಿಣ ಭಾರತದ ಗೃಹಜೀವನವನ್ನು ಪ್ರವೇಶಿಸಿದ ಬಗೆಯನ್ನು ಅಭ್ಯಸಿಸುವವರಿಗೆ ವಿಕ್ರಮ್ ಕುಮಾರ್ ನಿರ್ದೇಶನದ ತಮಿಳು ಚಿತ್ರ 'ಯಾವರುಂ ನಲಂ' (2009) ಒಂದು ಮುಖ್ಯ ಪಠ್ಯವೆಂದು ನಾವು ಭಾವಿಸುತ್ತೇವೆ. '13ಬಿ' ಎಂಬ ಹೆಸರಿನಲ್ಲಿ ಹಿಂದಿಯಲ್ಲಿಯೂ ಜೊತೆಜೊತೆಗೇ ತಯಾರಾದ ಈ ಕೃತಿಯ ಅರ್ಥವು ಭಯಾನಕ ಚಿತ್ರವೆಂಬ ವರ್ಗೀಕರಣದಿಂದ ಮುಗಿಯುವುದಿಲ್ಲ.

ಅವಿಭಕ್ತ ಕುಟುಂಬವೊಂದು ಬಹುಮಹಡಿ ಕಟ್ಟಡದ 13ನೆಯ ಅಂತಸ್ತಿನ ಹೊಸ ಮನೆಗೆ ಬರುತ್ತದೆ. ಹಾಲು ಒಡೆಯುತ್ತದೆ, ನಾಯಿ ಹೊಸ್ತಿಲು ದಾಟಲೊಲ್ಲದು. ಇವು ಪರಂಪರಾಗತ ಅಪಶಕುನಗಳು. ಇವುಗಳ ಜೊತೆಗೆ, ಮನೋಹರ (ಆರ್. ಮಾಧವನ್) ಒಬ್ಬನೇ ಹತ್ತಿದರೆ ಲಿಫ್ಟ್ ಚಲಿಸದು, ಮೊಬೈಲಿನಲ್ಲಿ ತೆಗೆದ ಅವನ ಚಿತ್ರ ವಿಕಾರಗೊಳ್ಳುತ್ತದೆ. ಹಳೆಯ ಶಕುನಶಾಸ್ತ್ರವು ಇಲ್ಲಿ ವಿದ್ಯುತ್ ಉಪಕರಣಗಳಿಗೂ ವಿಸ್ತರಿಸಿದೆ.

ಮನೆಯ ಹೆಂಗಸರು ನಿತ್ಯ ನೋಡುವ ಧಾರಾವಾಹಿಯ ಹೆಸರೂ 'ಯಾವರುಂ ನಲಂ', ಅರ್ಥಾತ್ 'ಎಲ್ಲರೂ ಕ್ಷೇಮ'. ನಮ್ಮ ಹಳೆಯ ಕಾಗದಗಳ ಒಕ್ಕಣೆಯನ್ನು ನೆನಪಿಸುವ ಈ ಮಾತು ಇಲ್ಲಿ ಕ್ರೂರ ವ್ಯಂಗ್ಯವಾಗುತ್ತದೆ: ಧಾರಾವಾಹಿಯಲ್ಲಿ ನಡೆದದ್ದೇ ಆ ಮನೆಯಲ್ಲಿಯೂ ನಡೆಯತೊಡಗುತ್ತದೆ. ಅದೇ ನೆಲದ ಮೇಲಿದ್ದ ಹಳೆಯ ಮನೆಯಲ್ಲಿ 1970ರ ದಶಕದಲ್ಲಿ ಕೊಲೆಯಾದ ಕುಟುಂಬವೊಂದು ತೆರೆಯ ಮೂಲಕ ತನ್ನ ಕಥೆಯನ್ನು ಹೇಳಿಕೊಳ್ಳುತ್ತಿದೆ. ಸತ್ತವರಲ್ಲಿ ಚಿತ್ರಾ ಎಂಬಾಕೆ ದೂರದರ್ಶನದ ವಾರ್ತಾವಾಚಕಿ. ಮದರಾಸಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1975ರಲ್ಲಿ ಎಂಬುದನ್ನು ನೆನೆದರೆ ಈ ಆಯ್ಕೆಯ ಔಚಿತ್ಯ ತಿಳಿಯುತ್ತದೆ. ಯಂತ್ರವು ಇಲ್ಲಿ ಅಪಾಯದ ಮೂಲವಲ್ಲ; ನಗರವು ತನ್ನ ಕಟ್ಟಡಗಳಡಿ ಹೂತ ನೆನಪಿಗೆ ಅದು ಸಾಕ್ಷಿ.

ಆದರೆ ಚಿತ್ರದ ದೃಷ್ಟಿಕೋನವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ದಿನವೂ ತಪ್ಪದೆ ನೋಡುವ ಹೆಂಗಸರಿಗೆ ತಮ್ಮ ಬದುಕೇ ತೆರೆಯ ಮೇಲಿದೆಯೆಂಬುದು ಹೊಳೆಯುವುದಿಲ್ಲ. ಧಾರಾವಾಹಿಯ ಗೀಳಿಲ್ಲದ ಗಂಡಸಿಗೆ ಹೊಳೆಯುತ್ತದೆ. ನೋಟ ಹೆಂಗಸರದು, ಅರಿವು ಗಂಡಸಿನದು ಎಂಬ ಈ ವಿಭಜನೆಯನ್ನು ಚಿತ್ರ ಪ್ರಶ್ನಿಸುವುದೇ ಇಲ್ಲ. ಸೊಸೆಯ ಗರ್ಭಪಾತದ ಪ್ರಸಂಗದಲ್ಲಿಯೂ ಆಕೆಯ ನೋವಿಗಿಂತ ಗಂಡನ ಮುನ್ನರಿವೇ ಕಥೆಯನ್ನು ನಡೆಸುತ್ತದೆ. ಸಂಸಾರದ ಕಥೆಯನ್ನು ಓದುವ ಅಧಿಕಾರ ಯಾರದು ಎಂಬ ಪ್ರಶ್ನೆ ಹೀಗೆ ಕೈತಪ್ಪಿಹೋಗಿದೆ.

ಕನ್ನಡದ ಸಂದರ್ಭಕ್ಕೂ ಈ ಪ್ರಶ್ನೆ ಹೊರತಲ್ಲ. 1994ರಲ್ಲಿ ಆರಂಭವಾದ ಉದಯ ವಾಹಿನಿ ಚೆನ್ನೈ ಮೂಲದ ಸನ್ ಸಮೂಹದ್ದು. ನಮ್ಮ ಮನೆಗಳ ಸಂಜೆಗಳನ್ನು ರೂಪಿಸಿದ ಉದ್ಯಮದ ಒಂದು ಬೇರು ಆ ನಗರದಲ್ಲಿದೆ. ಕನ್ನಡ ಧಾರಾವಾಹಿಗಳ ಅಧ್ಯಯನವು ಕಥೆಗಾರರನ್ನೂ ನಿರ್ದೇಶಕರನ್ನೂ ಗಮನಿಸಿದರೆ ಸಾಲದು. ನೋಡುವ ಹೆಂಗಸರು ಅವುಗಳಲ್ಲಿ ಏನನ್ನು ಗುರುತಿಸಿಕೊಂಡರು ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ಚಿತ್ರವು ಕೇಳದೆ ಬಿಟ್ಟ ಮಾತು ಅದೇ.