ಅಂಗಳದ ಕೊಳ: ಕೊಂಡ ಬೆಲೆ, ತೆರುವ ಬೆಲೆ

ಅಂಗಡಿಯಲ್ಲಿ ತೆತ್ತ ಹಣವೇ ವಸ್ತುವಿನ ಬೆಲೆಯೆಂದು ಗೃಹಸ್ಥನು ಭಾವಿಸುವುದು ಸಹಜ. ಆದರೆ ಕೆಲವು ವಸ್ತುಗಳು ಮನೆ ಸೇರಿದ ಮೇಲೆಯೇ ತಮ್ಮ ನಿಜವಾದ ಬೆಲೆಯನ್ನು ಕೇಳತೊಡಗುತ್ತವೆ. ಅಮೆರಿಕದ ಉಪನಗರಗಳ ಹಿತ್ತಿಲುಗಳಲ್ಲಿ, ನೆಲವನ್ನು ಅಗೆಯದೆ ಅದರ ಮೇಲೆಯೇ ನಿಲ್ಲಿಸುವ ಈಜುಕೊಳ ಇಂಥವುಗಳಲ್ಲೊಂದು. ನಮ್ಮ ಸಮಾಜದ ಕೆಲವು ಕುಟುಂಬಗಳ ಮಕ್ಕಳು ಇಂದು ಆ ದೇಶದಲ್ಲಿ ನೆಲೆಸಿರುವುದರಿಂದ ಇದರ ಗುಣದೋಷಗಳ ವಿಮರ್ಶೆ ಅಪ್ರಸ್ತುತವಾಗಲಾರದು.

ಇದರ ಪರವಾಗಿ ಹೇಳುವ ಮಾತು ಎರಡು: ನೆಲದೊಳಗೆ ಕಟ್ಟಿಸುವ ಕೊಳಕ್ಕಿಂತ ಬಹಳ ಅಗ್ಗ, ಜೋಡಿಸುವುದು ಸುಲಭ. ಎರಡೂ ಸುಳ್ಳಲ್ಲ, ಎರಡೂ ಅರ್ಧಸತ್ಯ. 24 ಅಡಿ ವ್ಯಾಸದ ಕೊಳದಲ್ಲಿ 4 ಅಡಿ ನೀರು ನಿಂತರೆ ಅದು ಸುಮಾರು 51,000 ಲೀಟರ್, ಅಂದರೆ 51 ಟನ್ ಭಾರ. ನೆಲ ಸಮತಟ್ಟಾಗಿಲ್ಲದಿದ್ದರೆ ನೀರು ಒಂದು ಬದಿಗೆ ಆಳವಾಗಿ ನಿಂತು, ತೆಳುವಾದ ಗೋಡೆಯನ್ನು ಆ ಬದಿಗೆ ಹೆಚ್ಚಾಗಿ ಒತ್ತುತ್ತದೆ. ಆದ್ದರಿಂದ ಮೊದಲ ವೆಚ್ಚ ಕೊಳಕ್ಕಲ್ಲ, ಹುಲ್ಲು ಕಿತ್ತು ನೆಲವನ್ನು ಮಟ್ಟಗೊಳಿಸುವುದಕ್ಕೆ. ಬಳಿಕ ವಿದ್ಯುತ್ ಕೆಲಸ, ಬೇಲಿ, ಹಲವೆಡೆ ಊರಾಡಳಿತದ ಪರವಾನಗಿ, ಮನೆಯ ವಿಮೆಯ ಮರುವಿಚಾರ.

ಅನಂತರ ನೀರಿನ ಊಳಿಗ ಆರಂಭವಾಗುತ್ತದೆ. ನಿಂತ ನೀರು ಕೆಡುವುದು ಪ್ರಕೃತಿಧರ್ಮ. ಅದನ್ನು ತಡೆಯಲು ದಿನವೂ ಹಲವು ಗಂಟೆ ಪಂಪು ಓಡಬೇಕು, ಶೋಧಕವನ್ನು ಆಗಾಗ ತೊಳೆಯಬೇಕು. ಕ್ಲೋರಿನ್ ದಶಲಕ್ಷಕ್ಕೆ ಕನಿಷ್ಠ 1 ಭಾಗವಿರಬೇಕು. ಆಮ್ಲಕ್ಷಾರಗಳ ಮಾನ 7ರಿಂದ 7.8ರೊಳಗೆ ನಿಲ್ಲಬೇಕು. ಬಿಸಿಲು ಕ್ಲೋರಿನ್ನನ್ನು ನಾಶಮಾಡುತ್ತದೆ. ಈಜಲು ಹಿತವಾದ ದಿನವೇ ಅದು ಬೇಗ ಮುಗಿಯುವ ದಿನ. ಬೇಸಿಗೆಯಲ್ಲಿ ಕೆಲವು ದಿನ ಪರಸ್ಥಳಕ್ಕೆ ಹೋಗಿಬಂದರೆ ಹಸಿರು ಪಾಚಿ ಸ್ವಾಗತಿಸೀತು. ಉತ್ತರದ ರಾಜ್ಯಗಳಲ್ಲಿ ಈಜುವ ಕಾಲ ಬಹುಮಟ್ಟಿಗೆ ಮೂರು ತಿಂಗಳು. ಉಳಿದ ಕಾಲ ಹಿಮಕ್ಕೆ ಸಿಕ್ಕಿ ಒಡೆಯದಂತೆ ಪಂಪನ್ನು ಬರಿದು ಮಾಡಿ, ಕೊಳಕ್ಕೆ ಹೊದಿಕೆ ಹಾಕಿ ಕಾಯಬೇಕು. ಒಳಗಿನ ವಿನೈಲ್ ಹಾಸೂ ಕೆಲವು ವರ್ಷಗಳಲ್ಲಿ ಸವೆದು ಹೊಸದನ್ನು ಬೇಡುತ್ತದೆ. ಹೀಗೆ ಒಡೆಯನೇ ತನ್ನ ವಸ್ತುವಿನ ಆಳಾಗುತ್ತಾನೆ.

ಇವೆಲ್ಲ ಹಣದಿಂದಲೂ ಶ್ರಮದಿಂದಲೂ ತೀರುವ ಋಣ. ತೀರದ ಋಣ ಬೇರೆಯಿದೆ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಮರಣಕ್ಕೆ ಅತಿ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದು. ನೆಲದ ಮೇಲಿನ ಕೊಳಕ್ಕೆ ಗೋಡೆಯೇ ರಕ್ಷೆಯೆಂದು ಅನೇಕರು ನೆಮ್ಮದಿಯಿಂದಿದ್ದರು. 2025ರ ಜುಲೈನಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು, 48 ಅಂಗುಲ ಮತ್ತು ಅದಕ್ಕಿಂತ ಎತ್ತರದ ಸುಮಾರು 50 ಲಕ್ಷ ಕೊಳಗಳಿಗೆ ಸಂಬಂಧಿಸಿದ ಹಿಂತೆಗೆತವನ್ನು ಪ್ರಕಟಿಸಿತು. ಗೋಡೆಯನ್ನು ಬಿಗಿಹಿಡಿಯಲು ಕಂಬಗಳ ಹೊರಬದಿಯಲ್ಲಿ ಸುತ್ತಿದ್ದ ಪಟ್ಟಿಯೇ ಮಗುವಿನ ಕಾಲಿಗೆ ಮೆಟ್ಟಿಲಾಗುತ್ತಿತ್ತು. 2007ರಿಂದ 2022ರ ನಡುವೆ, 22 ತಿಂಗಳಿಂದ 3 ವರ್ಷದೊಳಗಿನ 9 ಮಕ್ಕಳು ಹಾಗೆ ಹತ್ತಿ ಮುಳುಗಿರಬಹುದೆಂಬುದು ಆಯೋಗದ ಅಭಿಪ್ರಾಯ. ಏಣಿ ತೆಗೆದಿಟ್ಟೆವೆಂಬ ಸಮಾಧಾನ ಸಾಲದು. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಇಲ್ಲಿಂದ ಹೋಗುವ ಅಜ್ಜ ಅಜ್ಜಿಯರಲ್ಲಿ ಅನೇಕರಿಗೆ ಈಜು ಬಾರದೆಂಬುದನ್ನು ಇಲ್ಲಿ ನೆನೆಯಬೇಕು.

ಇನ್ನೊಂದು ಸಾವು ಲೆಕ್ಕಕ್ಕೇ ಬರುವುದಿಲ್ಲ. ನೀರಿಗೆ ಬಿದ್ದ ಕಪ್ಪೆ, ಇಲಿ, ಜೇನುಹುಳುಗಳಿಗೆ ನುಣುಪಾದ ನೇರ ಗೋಡೆಯನ್ನೇರಿ ಹೊರಬರಲಾಗದು. ಬೆಳಗ್ಗೆ ಅವು ಕಸ ಹಿಡಿಯುವ ಬುಟ್ಟಿಯಲ್ಲಿ ಸಿಗುತ್ತವೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಅದರಲ್ಲುಳಿದ ಸೂಕ್ಷ್ಮಜೀವಿಗಳನ್ನು ನೀರಿನ ಮೂಲಕ್ಕೇ ಮರಳಿಸಿದ ಹಿರಿಯರ ಮನೆತನದವರು ಈ ಬುಟ್ಟಿಯನ್ನು ಯಾವ ಮನಸ್ಸಿನಿಂದ ಬರಿದು ಮಾಡಬೇಕು? ಪ್ರಯೋಜನವಿಲ್ಲದ ಹಿಂಸೆಯಿಂದ ನಿವೃತ್ತನಾಗುವುದನ್ನು ಶ್ರಾವಕಾಚಾರವು ಅನರ್ಥದಂಡ ವ್ರತವೆಂದು ಪ್ರತ್ಯೇಕವಾಗಿಯೇ ಹೇಳಿದೆ. ಯಾರೂ ಈಜದ ರಾತ್ರಿಯಲ್ಲಿ ಮುಳುಗಿದ ಕಪ್ಪೆಯ ಸಾವಿಗೆ ಯಾವ ಪ್ರಯೋಜನವನ್ನು ತೋರಿಸೋಣ?

ಈಜು ಒಳ್ಳೆಯ ವಿದ್ಯೆ. ಮಕ್ಕಳು ಅದನ್ನು ಕಲಿಯಲೇಬೇಕು. ಅದಕ್ಕೆ ಕಾವಲುಗಾರರಿರುವ ಸಾರ್ವಜನಿಕ ಕೊಳಗಳು ಅಲ್ಲಿನ ಅನೇಕ ಊರುಗಳಲ್ಲಿವೆ. ನೂರಾರು ಮಕ್ಕಳಿಗೆ ಒಂದೇ ಕೊಳ ಸಾಕಾದಲ್ಲಿ ಮನೆಗೊಂದು ಬೇಕೆನ್ನುವುದು ಈಜಿನ ಆಸೆಯಲ್ಲ, ಒಡೆತನದ ಆಸೆ. ಈಗಾಗಲೇ ಕೊಳವಿರುವವರು ಹೊರಗಿನ ಪಟ್ಟಿಯನ್ನು ಪರೀಕ್ಷಿಸಲಿ, ಸುತ್ತ ಬೇಲಿ ಹಾಕಿಸಲಿ, ಜೀವಿಗಳು ಹತ್ತಿ ಹೊರಬರುವಂತೆ ಅಂಚಿಗೊಂದು ಇಳಿಜಾರು ಹಲಗೆಯನ್ನಾದರೂ ಇಡಲಿ. ಇನ್ನೂ ಕೊಳ್ಳದವರು ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಲು ಇದಕ್ಕಿಂತ ಸುಲಭವಾದ ಸಂದರ್ಭವನ್ನು ಕಾಣಲಾರರು. ಕೊಳ್ಳದಿರುವುದಕ್ಕೆ ಯಾವ ವೆಚ್ಚವೂ ಇಲ್ಲ.